ಒಂದೇ ಬಾಟಲಿ ಎಂದಿದ್ದೆ

ಭಾಗ್ಯಾ, ನಿನ್ನ ಸಂಶೋಧನೆಯನ್ನು ಕೆಡಿಸಿದವಳು ನಾನು. ನಿನ್ನ ಕ್ಲೋರೋಫಾರಂನಲ್ಲಿ ಮೆಥನಾಲ್ ಇತ್ತು – ಸೇರಿಸಿದ್ದು ನಾನೇ. ಹತ್ತು ವರ್ಷ ಬಾಯಿ ಬಿಡಲಿಲ್ಲ.

ಮೊದಲ ಸಲ ಬೇಕೆಂದು ಮಾಡಲಿಲ್ಲ. ಇಬ್ಬರಿಗೂ ಹಂಚುವವಳು ನಾನೇ ತಾನೇ; ಹೊಸ ಬಾಟಲಿಯಿಂದ ನನ್ನ ಪಾಲು ತೆಗೆದಿಟ್ಟ ಮೇಲೆ ನಿನ್ನ ಪಾಲನ್ನು ಕೈಜಾರಿ ಚೆಲ್ಲಿಬಿಟ್ಟೆ. ನಮ್ಮ ಗೈಡ್ ಸಾರ್ ಬೈಯುತ್ತಾರೆಂದು ಹೆದರಿ, ಮೆಥನಾಲ್ ಜೊತೆ ಬಳಸಿ ಬಟ್ಟಿ ಇಳಿಸಿಟ್ಟಿದ್ದ ಹಳೆಯದನ್ನು ತುಂಬಿಸಿದೆ. ಬಟ್ಟಿ ಇಳಿಸಿದರೂ ಮೆಥನಾಲ್ ಪೂರ್ತಿ ಹೋಗುವುದಿಲ್ಲವೆಂದು ಗೊತ್ತಿತ್ತು. ಅಷ್ಟರಿಂದ ಏನಾದೀತು ಅಂದುಕೊಂಡೆ – ಅಷ್ಟೇ ಸಾಕಾಯಿತು.

ನಮ್ಮ ಕೆಲಸವೇ ಅಂಥದ್ದು. ದಾರದಂಥ ಅಣುವಿಗೆ ಉಂಗುರದಂಥ ಅಣುವನ್ನು ಪೋಣಿಸಿ, ಜಾರದಂತೆ ಎರಡೂ ತುದಿಗೆ ಗಂಟು ಹಾಕುವುದು. ಬರೀ ಕ್ಲೋರೋಫಾರಂನಲ್ಲಿ ಉಂಗುರ ತಾನೇ ದಾರವನ್ನು ಹಿಡಿದುಕೊಳ್ಳುತ್ತದೆ. ಮೆಥನಾಲ್ ಬಂತೋ, ನಡುವೆ ಹೊಕ್ಕು ಎರಡನ್ನೂ ತನ್ನ ಕಡೆ ಎಳೆದುಕೊಳ್ಳುತ್ತದೆ. ನನಗೆ ಉಂಗುರಗಳು ಕೂತವು. ನಿನಗೆ ಖಾಲಿ ದಾರ.

"ದ್ರಾವಕದಲ್ಲೇನಾದರೂ ತೊಂದರೆಯೇನಮ್ಮ?" ಎಂದು ಸಾರ್ ನಿನ್ನೆದುರೇ ನನ್ನನ್ನು ಕೇಳಿದರು.

"ಇಲ್ಲ ಸಾರ್, ಇಬ್ಬರದೂ ಒಂದೇ ಬಾಟಲಿ."

"ಹಾಗಾದರೆ ಕೈಗುಣ," ಅಂದುಬಿಟ್ಟರು.

ಆಮೇಲೆ ಮಾಡಿದ್ದೆಲ್ಲ ಬೇಕೆಂದೇ. ಬಾಟಲಿ ಮುಗಿದಾಗಲೆಲ್ಲ ನಿನಗೆ ಹಳೆಯದನ್ನೇ ತುಂಬಿಸಿದೆ – ಶುದ್ಧವಾದದ್ದು ಕೊಟ್ಟರೆ ನಿನ್ನ ಪ್ರಯೋಗ ಫಲಿಸಿ ನನ್ನ ಸುಳ್ಳು ಹೊರಬೀಳುತ್ತಿತ್ತು. ಎಂಟು ತಿಂಗಳು ಹೆಣಗಿ ನೀನು ಮೈಸೂರು ಬಿಟ್ಟೆ. ಅಂದು ಒಂದೇ ಬಸ್ಸಿನಲ್ಲಿ ಬಂದೆವು. ನಾನು ಹುಣಸೂರಿನಲ್ಲಿ ಇಳಿದೆ, ನೀನು ಪಿರಿಯಾಪಟ್ಟಣಕ್ಕೆ ಹೋಗುವವಳು ಕಿಟಕಿಯಿಂದ ನನ್ನ ಕೈ ಹಿಡಿದುಕೊಂಡೆ.

"ನನ್ ಕೈನೇ ಸರಿಗಿಲ್ಲ ಕಣೇ, ಬುಡು. ಬಾಟ್ಲೀಲಿ ಏನಾರ ಇದ್ದಿದ್ರೆ ನೀನ್ ಯೋಳ್ದೆ ಇರ್ತಿದ್ದಾ?"

ಬಸ್ಸು ಬೇಗ ಹೊರಡಲಿ ಎಂದು ನಾನು ಕಾಯುತ್ತಿದ್ದೆ.

ನೀನು ಹೋದ ಮೇಲೆ ಅದೇ ಮೆಥನಾಲನ್ನು ಹನಿಹನಿಯಾಗಿ ಬೆರೆಸಿ, ಉಂಗುರ ಕೂರುವುದು ಎಷ್ಟೆಷ್ಟು ಕಡಿಮೆಯಾಗುತ್ತದೆಂದು ಅಳೆದೆ. ನನ್ನ ಪ್ರಬಂಧದಲ್ಲಿ ಎಲ್ಲರೂ ಹೊಗಳಿದ ಅಧ್ಯಾಯ ಅದೇ. ಉಪ್ಪು ತಿಂದವಳು ನಾನು, ನೀರು ಕುಡಿದವಳು ನೀನು. ಇದಕ್ಕೆ ದ್ರೋಹವೆನ್ನದೆ ಬೇರೆ ಹೆಸರಿಲ್ಲ.

ಹೋದ ವಾರ ನೀನು ಪಾಠ ಮಾಡುವ ಶಾಲೆಗೆ ನನ್ನನ್ನು ಅತಿಥಿಯಾಗಿ ಕರೆಸಿದ್ದೆ. ಪ್ರಯೋಗದ ಹೊತ್ತಿಗೆ ನೀನು ಮೇಜಿನಿಂದ ದೂರ ಸರಿದು ನಿಂತೆ. "ಕೈಗುಣ ಅಂದ್ರೆ ಇವ್ರದು ಕಣ್ರಮ್ಮ. ನಾನ್ ಮುಟ್ಟಿದ್ರೆ ಕೆಡ್ತದೆ," ಎಂದು ಹುಡುಗಿಯರಿಗೆ ಹೇಳಿ ನಕ್ಕೆ ನೀನು. ಆ ಮಾತಿಗೂ ನಾನು ಸುಮ್ಮನೆ ನಕ್ಕೆ – ಆ ನಗು ನೆನೆದರೆ ನನಗೇ ಹೇಸಿಗೆಯಾಗುತ್ತದೆ.

ಸಾರ್‌ಗೆ ಎಲ್ಲವನ್ನೂ ಬರೆದು ಕಳಿಸಿದ್ದೇನೆ. ಕ್ಷಮೆ ಕೇಳುವ ಮುಖ ನನಗಿಲ್ಲ. ಆದರೆ ಆ ಹುಡುಗಿಯರಿಗೆ ಯಾರ ಕೈ ಕೆಟ್ಟದ್ದೆಂದು ನಾನೇ ಹೇಳಬೇಕು. ಒಳಗೆ ಬಿಡುತ್ತೀಯೋ ಇಲ್ಲವೋ, ಸೋಮವಾರ ನಿನ್ನ ಶಾಲೆಯ ಗೇಟಿನ ಹತ್ತಿರ ನಿಂತಿರುತ್ತೇನೆ.