ಹೆಸರಿನ ದೀಪ ಆರಿಸಿದ ಅಕ್ಕ

ನನ್ನ ಎರಡೂ ಕಿವಿಗಳ ಆಣೆ, ಇಲ್ಲಿರುವುದೆಲ್ಲ ನಡೆದದ್ದೇ. ಕಣ್ಣಿನ ಆಣೆ ಇಡೋಣವೆಂದರೆ ಬಂದೆಯಕ್ಕ ಕೆಲಸ ಮಾಡುವ ಕೋಣೆಯಲ್ಲಿ ಕಣ್ಣಿಗೆ ಕೆಲಸವೇ ಇಲ್ಲ.

ಬೆಳಗಿನ ಐದೂಮುಕ್ಕಾಲು. ಆಕಾಶ ಈಗಷ್ಟೇ ಬೆಳ್ಳಗಾಗುತ್ತಿದೆ. ಕಾರ್ಖಾನೆಯ ಬಾಗಿಲಲ್ಲಿ ಅಕ್ಕ ಬಳೆ ಬಿಚ್ಚಿ ಕರವಸ್ತ್ರದಲ್ಲಿ ಗಂಟು ಹಾಕುತ್ತಾರೆ, ಕೂದಲನ್ನು ಬಿಳಿ ಟೊಪ್ಪಿಗೆಯೊಳಗೆ ತುರುಕುತ್ತಾರೆ, ಎರಡು ನಿಮಿಷ ಕಣ್ಣು ಮುಚ್ಚಿ ನಿಲ್ಲುತ್ತಾರೆ. ಊರಿಗೆಲ್ಲ ಬೆಳಗಾಗುವ ಹೊತ್ತಿಗೆ ಇವರಿಗೆ ಕತ್ತಲಾಗುತ್ತದೆ. ಬಾಗಿಲು, ಪರದೆ, ತಿರುವು, ಮತ್ತೊಂದು ಪರದೆ. ಇನ್ನೊಂದು ಟೊಪ್ಪಿಗೆ ಹಾಕಿಕೊಂಡು ಹಿಂದೆಯೇ ನುಸುಳಿದ ನನಗೆ ನನ್ನ ಮೂಗೇ ಹುಡುಕಿದರೂ ಸಿಗುವುದಿಲ್ಲ.

ಒಳಗೆ ಪ್ರತಿ ತಿರುವಿನಲ್ಲೂ "ಬಂದೆ, ಬಂದೆ" ಎಂದು ಕೂಗಬೇಕು. ಇಲ್ಲದಿದ್ದರೆ ಎದುರಿನವರ ಹಣೆಗೆ ನಮ್ಮ ಹಣೆ. ಇಪ್ಪತ್ತಾರು ವರ್ಷ ಕೂಗಿ ಕೂಗಿ ಅಕ್ಕನಿಗೆ ಅದೇ ಹೆಸರಾಗಿದೆ. ಮನೆಯಲ್ಲಿ ಅಡುಗೆಮನೆಯಿಂದ ಹೊರಗೆ ಕಾಲಿಡುವಾಗಲೂ ಅಭ್ಯಾಸಬಲದಿಂದ "ಬಂದೆ" ಎನ್ನುತ್ತಾರೆ. ದರ್ಜಿ ಗಂಡ ಹೊಲಿಗೆ ಮಿಷನ್ನಿನಿಂದ ತಲೆಯೆತ್ತದೆ, "ಬಾರೇ, ಬೇಡ ಅಂದೋರು ಯಾರು" ಎನ್ನುತ್ತಾರೆ.

ಅಕ್ಕನ ಕೈಯಲ್ಲಿರುವುದು ಕ್ಯಾಮೆರಾದ, ಬೆಳಕು ಸೋಕಿದರೆ ಕೆಡುವ ಕಲರ್ ಫಿಲ್ಮಿಗೆ ಅಂಚಿನ ತೂತು ಹೊಡೆಯುವ ಮಿಷನ್. ದಿನಕ್ಕೆ ಹದಿನೆಂಟು ಸುರುಳಿ, ಒಂದೊಂದು ಸುರುಳಿಯಿಂದ ಆರುನೂರು ಡಬ್ಬಿ ಫಿಲ್ಮು. ಇವರು ಇದುವರೆಗೆ ತೂತು ಹೊಡೆದದ್ದನ್ನೆಲ್ಲ ಬಿಚ್ಚಿದರೆ ಚಂದ್ರನನ್ನು ಪಾರ್ಸೆಲ್ಲಿನಂತೆ ಕಟ್ಟಿ, ಮೇಲೊಂದು ಗಂಟು ಹಾಕಿ, ಉಳಿದದ್ದರಲ್ಲಿ ಬಟ್ಟೆ ಒಣಹಾಕಬಹುದು. ಹೆಬ್ಬೆರಳಿನ ತುಂಬ ಫಿಲ್ಮಿನ ಅಂಚು ಕೊಯ್ದ ಗೆರೆಗಳು. "ಬ್ಲೇಡಾದ್ರೂ ಹೇಳಿ ಕೊಯ್ಯುತ್ತೆ, ಇದು ಸುಮ್ನೆ ಕೊಯ್ದು ಹೋಗುತ್ತೆ" ಎಂದು ನಗುತ್ತಾರೆ.

ನಗದ ಸಂಗತಿಯೂ ಒಂದಿದೆ. ಅದಕ್ಕೇ ನಾನು ಪೆನ್ನು ಹಿಡಿದದ್ದು.

ದೊಡ್ಡ ಅಂಗಡಿಯೊಂದು ತನ್ನದೇ ಹೆಸರಿನ ಬೂದು ಡಬ್ಬಿಯಲ್ಲಿ ಅಗ್ಗದ ಫಿಲ್ಮು ಮಾರುತ್ತದೆ. ಸ್ಟುಡಿಯೋ ಇಟ್ಟಿರುವ ನನ್ನ ಷಡ್ಡಕ ಅದನ್ನು ಕಂಡರೆ ಮೂಗು ಮುರಿಯುತ್ತಿದ್ದ. ಕಳೆದ ವರ್ಷ ಯಾರೋ ತಂದ ಬೂದು ಡಬ್ಬಿಯ ಫಿಲ್ಮು ತೊಳೆದು ನೋಡುತ್ತಾನೆ, ಅಂಚಿನಲ್ಲಿ ದುಬಾರಿ ಕಂಪನಿಯ ಹೆಸರು ಫಳಫಳ ಹೊಳೆಯುತ್ತಿದೆ. ಯಾರೋ ನಕಲಿ ಮಾಡಿದ್ದಾರೆಂದು ತಿಳಿದು ಕಂಪನಿಗೆ ಪತ್ರ ಬರೆದ. "ಆ ಫಿಲ್ಮಿಗೂ ನಮಗೂ ಸಂಬಂಧವಿಲ್ಲ" ಎಂದು ಉತ್ತರ ಬಂತು.

ಮಾಡಿದವರು ಯಾರು ಎಂದು ಕೇಳಲು ಅಂಗಡಿಗೆ ಹೋದೆ. "ನಮ್ಮ ಹೆಸರಿದೆಯಲ್ಲ, ನಾವೇ ಮಾಡಿದ್ದು" ಎಂದರು ಅಂಗಡಿಯವರು. "ಎಲ್ಲಿ?" ಎಂದೆ. "ಹಿಂದುಗಡೆ" ಎಂದರು. ಹಿಂದುಗಡೆ ಹೋಗಿ ನೋಡಿದೆ. ನಾಲ್ಕು ಪೊರಕೆ, ಒಂದು ಮುರಿದ ಸ್ಟೂಲು.

ಆ ಫಿಲ್ಮಿನ ನೆಗೆಟಿವ್ ಜೇಬಿನಲ್ಲಿಟ್ಟುಕೊಂಡು ದುಬಾರಿ ಕಂಪನಿಯ ಗೇಟಿನ ಮುಂದೆ ನಿಂತೆ. ಪಾಳಿ ಮುಗಿಸಿ ಬರುತ್ತಿದ್ದವರಿಗೆ ಅದನ್ನು ತೋರಿಸಿದೆ. ಅವರಲ್ಲಿದ್ದ ಬಂದೆಯಕ್ಕ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡೇ ಅದರ ಅಂಚಿನ ಮೇಲೆ ಹೆಬ್ಬೆರಳು ಓಡಿಸಿದರು.

"ನನ್ನ ಮಿಷನ್ನಿಂದೇ ಇದು. ಎಂಟು ತೂತಿಗೊಂದ್ಸಲ ಸಣ್ಣ ಮುಳ್ಳು ತಾಗುತ್ತೆ ನೋಡಿ. ಅಚ್ಚಿನ ಒಂದು ಹಲ್ಲು ಮುಕ್ಕಾಗಿದೆ. ಬದಲಾಯ್ಸಿ ಅಂತ ಎರಡು ವರ್ಷದಿಂದ ಬಡ್ಕೊಳ್ತಾ ಇದೀನಿ."

"ಹಾಗಾದ್ರೆ ಬೂದು ಡಬ್ಬಿ ಫಿಲ್ಮು ಕೀಳು ಮಾಲಲ್ವಾ ಅಕ್ಕ?"

"ಯಾವನಪ್ಪ ಹೇಳಿದ್ದು? ಪಕ್ಕದ ಮಿಷನ್ನಿಗೆ ಹೋಗೋದೂ ಇದೇ ಸುರುಳಿ. ಅಲ್ಲಿ ಹೆಸರಿನ ದೀಪ ಹಾಕ್ತಾರೆ, ನನ್ನ ಹತ್ರ ಆರಿಸ್ತಾರೆ. ಅಷ್ಟೇ ವ್ಯತ್ಯಾಸ."

ಮಿಷನ್ನಿನ ಹೊಟ್ಟೆಯೊಳಗೆ, ಹೊರಗೆ ಬೆಳಕು ಚೆಲ್ಲದ ಹಾಗೆ, ಕಡಲೆಕಾಳಿನಷ್ಟು ದೀಪವಿದೆ. ಅದು ಉರಿದರೆ ಅಂಚಿನಲ್ಲಿ ಕಂಪನಿಯ ಹೆಸರು ಮೂಡುತ್ತದೆ. ಒಂಬತ್ತು ವರ್ಷದಿಂದ ಅಕ್ಕನ ಮಿಷನ್ನಿನ ಮಾಲು ಬೂದು ಡಬ್ಬಿಗೆ ಹೋಗುವುದರಿಂದ ಅದನ್ನು ಆರಿಸಿಯೇ ಇಡಬೇಕು. ಕತ್ತಲಲ್ಲಿ ಗುರುತು ಬೆರಳಿಗೆ ಮಾತ್ರ: ಸ್ವಿಚ್ಚು ಕೆಳಗಿದ್ದರೆ ದೀಪ ಆರಿದೆ. ಕಳೆದ ವರ್ಷ ರಿಪೇರಿಗೆ ಬಂದ ಎಲೆಕ್ಟ್ರಿಷಿಯನ್ ಸ್ವಿಚ್ಚನ್ನು ತಲೆಕೆಳಗು ಕೂರಿಸಿ ಹೋದ. ಮರುದಿನ ಅಕ್ಕ ಬೆರಳಾಡಿಸಿದರು, ಕೆಳಗಿತ್ತು, ಸರಿ ಎಂದುಕೊಂಡರು. ಮೂರು ದಿನ ಹೆಸರು ಉರಿಯಿತು.

ಷಡ್ಡಕನ ಪತ್ರ ತಲುಪಿದ ವಾರವೇ ಅಕ್ಕನ ಕೈಗೆ ಮೆಮೊ ಬಂತು. ಎಲೆಕ್ಟ್ರಿಷಿಯನ್‌ಗೆ ಒಂದು ಮಾತೂ ಇಲ್ಲ. ಆ ಮೆಮೊ ನಾನು ನೋಡಿದ್ದೇನೆ: "ಅಂಗಡಿಯ ಫಿಲ್ಮಿನ ಮೇಲೆ ಕಂಪನಿಯ ಹೆಸರು ಬೀಳಲು ಕಾರಣರಾದ ಮಿಷನ್ ಆಪರೇಟರ್ ಆದ ನೀವು..." ಹೊರಗಿನವರಿಗೆ "ಸಂಬಂಧವಿಲ್ಲ" ಎಂದು ಬರೆದವರು ಒಳಗೆ ಸಹಿ ಹಾಕಿ ಒಪ್ಪಿಕೊಂಡಿದ್ದಾರೆ. ಇದನ್ನು ಕೇಳಿದ ಮೇಲೆ ಷಡ್ಡಕ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಈಗ ಕಥೆಯ ಹೊಲಸು ಭಾಗ. ಈ ತಿಂಗಳ ಕೊನೆಗೆ ಅಕ್ಕನ ಸೇವೆ ಮುಗಿಯುತ್ತದೆ. ಇನ್ನೊಂದು ಕಾರ್ಖಾನೆಯವರು ಹೊಸಬರಿಗೆ ಕತ್ತಲ ಕೆಲಸ ಕಲಿಸಲು ಇವರನ್ನು ಕರೆದಿದ್ದಾರೆ. ಮಿಷನ್ ನಡೆಸಿದ್ದಕ್ಕೆ ಸರ್ಟಿಫಿಕೇಟ್ ತನ್ನಿ ಎಂದಿದ್ದಾರೆ. ಇಲ್ಲಿ ಬರೆದಿಟ್ಟಿರುವ ಸರ್ಟಿಫಿಕೇಟಿನಲ್ಲಿ ಅಕ್ಕ "ಪ್ಯಾಕಿಂಗ್ ಸಹಾಯಕಿ". ಬೂದು ಡಬ್ಬಿಯ ಫಿಲ್ಮನ್ನು ಕಂಪನಿ ಮಾಡುವುದೇ ಇಲ್ಲವಲ್ಲ, ಮಾಡದ ಫಿಲ್ಮಿಗೆ ಮಿಷನ್ ನಡೆಸಿದವರು ಎಲ್ಲಿಂದ ಬರಬೇಕು? ಅದನ್ನೂ ಸುಮ್ಮನೆ ಕೊಡುವುದಿಲ್ಲ. ಮೆಮೊ ವಾಪಸು ಕೊಟ್ಟರೆ ಮಾತ್ರ.

ತಪ್ಪು ಹೊರಿಸುವಾಗ ಆಪರೇಟರ್, ಕೆಲಸಕ್ಕೆ ಬೆಲೆ ಕೊಡುವಾಗ ಸಹಾಯಕಿ. ಇಂಥ ನಾಲಿಗೆಯನ್ನು ನಾನು ಹಾವಿನ ಬಾಯಲ್ಲೂ ಕಂಡಿಲ್ಲ.

ಮ್ಯಾನೇಜರರ ಕೋಣೆಗೆ ಹೋದೆ. ಅಲ್ಲಿ ಆರು ಟ್ಯೂಬ್‌ಲೈಟು.

"ನಾವು ಆ ಫಿಲ್ಮು ಮಾಡೋದೇ ಇಲ್ಲ ಕಣ್ರಿ" ಎಂದರು.

"ಮಾಡದೇ ಇರೋ ಫಿಲ್ಮಿಗೆ ಮೆಮೊ ಯಾಕೆ ಸಾರ್?"

ಅವರು ಕನ್ನಡಕ ತೆಗೆದು ಒರೆಸಿದರು. "ನಿಮ್ಮನ್ನ ಒಳಗೆ ಬಿಟ್ಟೋರು ಯಾರು?"

ಇದನ್ನು ಹೇಳಿದಾಗ ಅಕ್ಕ ಸಿಟ್ಟಾಗಲಿಲ್ಲ. ಅವರ ಪಾಲಿನ ಸಿಟ್ಟನ್ನೂ ನಾನೇ ಮಾಡಿಕೊಂಡೆ. ಮೆಮೊ ವಾಪಸು ಕೊಡುವ ಮಾತೇ ಇಲ್ಲ ಎಂದರು. ಬೇರೇನು ಬೇಕು ಎಂದು ಕೇಳಿದೆ.

"ಹೊಗಳೋದೇನೂ ಬೇಡಪ್ಪ. ಮೆಮೊದಲ್ಲಿ ಬರೆದಿರೋ ಆ ಎರಡು ಪದ ಸರ್ಟಿಫಿಕೇಟಲ್ಲೂ ಬರೀಲಿ. ಬೈಯೋವಾಗ ನೆನಪಿದ್ದ ಕೆಲಸ, ಕಳಿಸೋವಾಗ ಮರ್ತು ಹೋಗ್ಬಾರ್ದು."

ಇಷ್ಟು ಹೊತ್ತು ಕಾಲು ಚಾಚಿಕೊಂಡು ಬಿಟ್ಟಿ ಕಥೆ ಕೇಳಿದ್ದೀರಿ. ಈಗ ಏಳಿ. ಒಂದು ಕಾರ್ಡು ತೆಗೆದು, "ಬಂದೆಯಕ್ಕ ಮಿಷನ್ ಆಪರೇಟರ್ ಎಂದು ನಮಗೂ ಗೊತ್ತಾಗಿದೆ" ಎಂದು ಬರೆದು ಮ್ಯಾನೇಜರರಿಗೆ ಹಾಕಿ. ತಿಂಗಳು ಮುಗಿಯಲು ಹನ್ನೊಂದು ದಿನ ಉಳಿದಿದೆ. ವಿಳಾಸ ನನ್ನ ಷಡ್ಡಕನ ಸ್ಟುಡಿಯೋದಲ್ಲಿ ಸಿಗುತ್ತದೆ. ಹೋದವರು ಒಂದು ಫೋಟೋ ತೆಗೆಸಿಕೊಳ್ಳದೆ ಬರುವ ಹಾಗಿಲ್ಲ, ಅದೂ ಬೂದು ಡಬ್ಬಿಯ ಫಿಲ್ಮಿನಲ್ಲೇ.