ಮಳೆ ಬುಡು ಅಂದದ್ದು ಯಾರಿಗೆ?

ಒಂದು ಇಡೀ ರಾಜ್ಯದ ಮಳೆಗೆ ಹದಿನಾಲ್ಕು ಪುಟ ಕಾನೂನು ಬರೆದವನು ನಾನು. ಆ ರಾಜ್ಯ ಇರುವುದು ನಾಲ್ಕು ಜನರ ತಲೆಯೊಳಗೆ. ಕಾನೂನು ಬರೆದದ್ದು ಶ್ರೀರಂಗಪಟ್ಟಣದ ಒಂದು ಜೆರಾಕ್ಸ್ ಅಂಗಡಿಯಲ್ಲಿ, ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ, ಹಾಳಾದ ಅರ್ಜಿ ಫಾರಂಗಳ ಹಿಂಬದಿಯಲ್ಲಿ. ನಾನು ಅಲ್ಲಿ ಕೆಲಸಕ್ಕಿದ್ದೇನೆ. ಹುಡುಗ ಏನೋ ಪರೀಕ್ಷೆಗೆ ಓದುತ್ತಿದ್ದಾನೆ ಎಂದು ಮಾಲೀಕರು ನಂಬಿದ್ದಾರೆ. ಆ ನಂಬಿಕೆ ಒಡೆಯುವ ಧೈರ್ಯ ನನಗಿಲ್ಲ.

ಆಟ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಇದರಲ್ಲಿ ಬೋರ್ಡಿಲ್ಲ, ಗೆದ್ದವರು ಸೋತವರಿಲ್ಲ. ಒಬ್ಬ ಕಥೆ ನಡೆಸುತ್ತಾನೆ: ಎದುರಿಗೆ ಹೊಳೆ, ಆಚೆ ದಡದಲ್ಲಿ ರಾಕ್ಷಸರು, ಏನು ಮಾಡ್ತೀರಿ? ಮಿಕ್ಕವರು ತಮ್ಮ ತಮ್ಮ ಪಾತ್ರದ ಬಾಯಲ್ಲಿ ಉತ್ತರ ಕೊಡುತ್ತಾರೆ. ಮಾಡಿದ್ದು ಫಲಿಸಿತೋ ಇಲ್ಲವೋ ಎನ್ನುವುದನ್ನು ದಾಳ ಹೇಳುತ್ತದೆ. ಅಂಗಡಿಯಲ್ಲಿ ಸಿಗುವ ರೂಲ್ಸ್ ಪುಸ್ತಕ ಸಾಲದು ಅನ್ನಿಸಿದಾಗ ನಾವೇ ಕಟ್ಟಿಕೊಳ್ಳುವುದಕ್ಕೆ ಮನೆ ರೂಲ್ಸು ಅನ್ನುತ್ತೇವೆ. ಕಥೆ ನಡೆಸುವವನು ನಾನು, ಹಾಗಾಗಿ ನನ್ನ ಹೆಸರು ಯಜಮಾನ. ಟೊಮೊಟೊ ತಾ ಎಂದು ಕಳಿಸಿದರೆ ಕೊತ್ತಂಬರಿ ಹಿಡಿದು ಬರುವವನಿಗೆ ಆ ಬಿರುದು ಸಿಗುವುದು ಅದೊಂದೇ ಜಾಗದಲ್ಲಿ.

ಆ ಜಾಗ ಪಾಂಡವಪುರದ ಹೊರಗೆ, ನಾಲೆ ಪಕ್ಕದ ಒಂದು ಆಲೆಮನೆ. ಭಾನುವಾರ ಗಾಣ ತಿರುಗುವುದಿಲ್ಲ. ತಗಡಿನ ಚಾವಣಿ ಕೆಳಗೆ, ಬೆಲ್ಲ ಹುಯ್ಯುವ ಅಚ್ಚಿನ ಹಲಗೆಯನ್ನು ನಡುವೆ ಇಟ್ಟುಕೊಂಡು ಕೂರುತ್ತೇವೆ. ಆಲೆಮನೆಯ ಮಗಳು ನಮ್ಮ ಆಟಗಾರ್ತಿ. ಬೆಳಗ್ಗೆ ಊರಿನ ಡೈರಿಯಲ್ಲಿ ಹಾಲಿನ ಡಿಗ್ರಿ ನೋಡುತ್ತಾಳೆ, ಮಧ್ಯಾಹ್ನ ನನ್ನ ಕಥೆಗೆ ಎಷ್ಟು ನೀರು ಬೆರೆಸಿದ್ದೇನೆ ಎಂದು ನೋಡುತ್ತಾಳೆ. ಎರಡನೆಯವನು ಕೆ.ಆರ್. ಪೇಟೆಯವನು. ಮಾಕವಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಟ್ರಾಕ್ಟರು ಓಡಿಸುತ್ತಾನೆ, ಆಟದಲ್ಲಿ ಬಿಲ್ಲು ಹಿಡಿಯುತ್ತಾನೆ, ಎರಡನ್ನೂ ಒಂದೇ ಥರ, ಎದುರಿಗೆ ಯಾರಿದ್ದಾರೆ ಎಂದು ನೋಡದೆ. ಮೂರನೆಯವನು ನಾಗಮಂಗಲದವನು. ಬಾಗಿಲು ಕಿಟಕಿ ಮಾಡುವ ಮರಗೆಲಸದ ಮನೆತನ. ಮಾತು ಕಡಿಮೆ. ಆದರೆ ಆಟದಲ್ಲಿ ಅವನು ಬಾಯಿ ಮುಚ್ಚದ ಒಬ್ಬ ಮುದುಕಿ, ಮಾಟದಜ್ಜಿ. ಎರಡು ವರ್ಷದಿಂದ ಅದೇ ಅಜ್ಜಿ. ತೇಗದ ಚೂರಿನಲ್ಲಿ ಹೆಬ್ಬೆರಳಷ್ಟು ಗೊಂಬೆ ಕೆತ್ತಿ, ಕಥೆಯಲ್ಲಿ ಏನಾಯಿತೋ ಅದನ್ನೆಲ್ಲ ಅದಕ್ಕೂ ಮಾಡುತ್ತಾನೆ. ಅಜ್ಜಿಗೆ ಒಂದು ಹಲ್ಲು ಬಿದ್ದ ವಾರ, ಸಾಸಿವೆಯಷ್ಟಿದ್ದ ಹಲ್ಲೊಂದನ್ನು ಉಳಿಯಲ್ಲಿ ಎಬ್ಬಿ ತೆಗೆದಿದ್ದ. ಶುರುವಿನಲ್ಲೇ ಹೇಳಿಬಿಟ್ಟಿದ್ದ: “ಈ ಅಜ್ಜಿ ಸತ್ತೋದ್ರೆ ನಾನೂ ಎದ್ದೋದಂಗೆ. ಇನ್ನೊಂದ್ ಕೆತ್ತಾಕಿಲ್ಲ ಕಣ್ಲಾ.”

ಮೂವರಲ್ಲಿ ಒಬ್ಬ ಹೋದರೆ ಆಟ ಉಳಿಯುವುದಿಲ್ಲ. ಆದರೂ ನಾನು ಮಳೆಗೆ ಕೈ ಹಾಕಿದೆ.

ರೂಲ್ಸ್ ಪುಸ್ತಕದ ಹವಾಮಾನದಲ್ಲಿ ಅರ್ಧಕ್ಕರ್ಧ ಹಿಮ. ನಾವು ಹಿಮ ಕಂಡಿರುವುದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ. ಒಂದು ದಿನ ನಮ್ಮಮ್ಮನ ಕ್ಯಾಲೆಂಡರ್ ತಿರುವುತ್ತಿದ್ದೆ. ಅದರಲ್ಲಿ ಒಂದೊಂದು ಮಳೆ ನಕ್ಷತ್ರದ ಪಕ್ಕ ಅದರ ವಾಹನ ಬರೆದಿತ್ತು. ಒಂದು ಮಳೆ ನರಿಯ ಮೇಲೆ ಬರುತ್ತದೆ, ಇನ್ನೊಂದು ಕತ್ತೆಯ ಮೇಲೆ. ಚಿಕ್ಕಂದಿನಿಂದ ಆ ಕ್ಯಾಲೆಂಡರ್ ನೋಡಿದ್ದೇನೆ, ರಜೆ ಯಾವತ್ತು ಎನ್ನುವುದು ಬಿಟ್ಟು ಬೇರೇನೂ ಓದಿರಲಿಲ್ಲ. ಕತ್ತೆ ಮೇಲೆ ಕೂತ ಮಳೆ ಹೇಗೆ ಸುರಿಯುತ್ತದೆ? ಇಳಿದು ಬರುತ್ತದೋ, ಕೂತಲ್ಲಿಂದಲೋ? ಎರಡು ದಿನ ನನಗೆ ಬೇರೆ ಯೋಚನೆಯೇ ಇಲ್ಲ. ಅಂಗಡಿಗೆ ಬಂದ ಗಿರಾಕಿಗಳನ್ನೆಲ್ಲ ಕೇಳಿದೆ. “ಆಧಾರ್ ಜೆರಾಕ್ಸ್ ಕೊಡಪ್ಪ ಮೊದ್ಲು” ಅಂದರು.

ಕೊನೆಗೆ ನಾನೇ ಕಟ್ಟಿದೆ. ಎಂಟು ವಾಹನ, ಎಂಟು ಮಾಯದ ಮಳೆ. ನರಿ ಮಳೆ ಒಂದು ಹೊಲಕ್ಕೆ ಬಿದ್ದು ಪಕ್ಕದ ಹೊಲಕ್ಕೆ ಟೋಪಿ ಹಾಕುತ್ತದೆ. ಕಪ್ಪೆ ಮಳೆಯಲ್ಲಿ ಯಾರೂ ನಡೆಯುವಂತಿಲ್ಲ, ಕುಪ್ಪಳಿಸಬೇಕು. ಎಮ್ಮೆ ಮಳೆ ನಿಂತಲ್ಲೇ ನಿಂತು ಮೆಲುಕು ಹಾಕುತ್ತ ಜಿನುಗುತ್ತದೆ, ಹೆಚ್ಚುವುದೂ ಇಲ್ಲ, ಹೋಗುವುದೂ ಇಲ್ಲ. ಇಲಿ ಮಳೆ ಬಿದ್ದದ್ದನ್ನೆಲ್ಲ ಕಡಿಯುತ್ತದೆ. ನನ್ನ ಚಿತ್ರ ನೋಡಿಕೊಂಡು ನಾಗಮಂಗಲದವನು ಎಂಟು ಮುಖದ ಮರದ ದಾಳ ಕೆತ್ತಿಕೊಟ್ಟ. ಅಷ್ಟು ನಿಷ್ಠೆಯಿಂದ ಕೆತ್ತಿದ್ದ ಎಂದರೆ, ಕುದುರೆ ಯಾವುದು ಕತ್ತೆ ಯಾವುದು ಎಂದು ಇವತ್ತಿಗೂ ಜಗಳ.

ಹದಿನಾಲ್ಕು ಪುಟದ ಮೊದಲ ಪ್ರಯೋಗದಲ್ಲಿ ರಾಜ್ಯದ ಏಳು ಕೋಟೆಗಳ ಮಳೆಯನ್ನು ತಾಸಿಗೊಮ್ಮೆ ದಾಳ ಹಾಕಿ ಲೆಕ್ಕ ಹಿಡಿದೆ. ಮೂರು ಗಂಟೆ ಕಳೆದರೂ ನಮ್ಮ ವೀರರು ಮನೆ ಜಗಲಿ ಇಳಿದಿರಲಿಲ್ಲ. “ಇದು ಆಟನೇನಪ್ಪ, ಇಲ್ಲ ರೇಡಿಯೋದಲ್ ಬರೋ ಹವಾಮಾನನಾ?” ಅಂದಳು ಪಾಂಡವಪುರದವಳು. ಮುಂದಿನ ವಾರ ಇಲಿ ಮಳೆ ಬಂತು. ಅದು ಯಾವಾಗ ನಿಲ್ಲಬೇಕು ಎಂದು ಬರೆಯುವುದನ್ನೇ ಮರೆತಿದ್ದೆ. ರೊಟ್ಟಿ ಹೋಯಿತು, ಬಿಲ್ಲಿನ ಹಗ್ಗ ಹೋಯಿತು, ಉಟ್ಟ ಬಟ್ಟೆ ಹೋಯಿತು. ರಾಜ್ಯ ಉಳಿಸಬೇಕಾದ ಮೂವರು ಒಂದು ಹಲಸಿನ ಮರದ ಹಿಂದೆ ಎಲೆ ಹಿಡಿದು ನಿಂತು, ಕತ್ತಲಾಗುವುದನ್ನು ಕಾಯುತ್ತಾ ಆಟ ಮುಗಿಯಿತು. ಇಷ್ಟು ಸಾಲದೆಂದು ಆ ಇಲಿ ಪುಟ ಯಾರದೋ ಪಹಣಿ ಜೊತೆ ಪಿನ್ನಾಗಿ ಹೋಗಿತ್ತು. ಮಾರನೇ ದಿನ ಆ ಹಿರಿಯರು ಬಂದು ಕೌಂಟರಿನ ಮೇಲೆ ಪುಟ ಇಟ್ಟು ಕೇಳಿದರು: “ಮಗ, ಈ ಇಲಿ ಮಳೆ ಪರಿಹಾರುಕ್ಕೆ ಅರ್ಜಿ ಎಲ್ ಕೊಡ್ಬೇಕು?”

ಆಮೇಲೆ ಹದಿನಾಲ್ಕು ಪುಟ ಐದು ಸಾಲಾಯಿತು. ಮಳೆಯಾಗಲಿ ಹೊಳೆ ನೀರಾಗಲಿ ಒಂದು ಕೋಟೆ ದಾಟಲು ಒಂದು ದಾಳದ ಹೊತ್ತು ಎನ್ನುವುದು ಅದರಲ್ಲೊಂದು. ಐದನೆಯ ಸಾಲು ಮರಗೆಲಸದವನ ಹಟ. ಕೆ.ಆರ್. ಪೇಟೆಯವನು ಏನಾದರೂ ಎಡವಟ್ಟು ಮಾಡಿ, “ನಾನ್ ಅಂಗ್ ಅನ್ನಲಿಲ್ಲ, ಇಂಗ್ ಅಂದಿದ್ದು” ಎಂದು ಮಾತು ತಿರುಗಿಸುತ್ತಿದ್ದ. ಮರಗೆಲಸದವನಿಗೆ ಅದು ಆಗದು. “ಕುಯ್ದ ಮರ ಕೂಡ್ಕತದೇನ್ಲಾ? ಮಾತೂ ಅಷ್ಟೆ. ಬರ್ಕೊ,” ಅಂದ. ಬರೆದೆ: ಮಂತ್ರದವರು ಬಾಯಿಬಿಟ್ಟು ಹೇಳಿದ್ದೇ ಮಂತ್ರ, ಅಂದದ್ದನ್ನು ಅಂದ ಹಾಗೇ ಆಕಾಶ ನಡೆಸುತ್ತದೆ, ವಾಪಸ್ ತಗೊಳ್ಳುವ ಹಾಗಿಲ್ಲ.

ಆ ಭಾನುವಾರ ಆಲೆಮನೆಯ ತಗಡಿನ ಮೇಲೂ ಮಳೆ, ಕಥೆಯೊಳಗೂ ಮಳೆ. ಕಥೆಯ ಬೆಳಗಿಗೆ ಬಿದ್ದ ದಾಳ ಎಮ್ಮೆ ಮಳೆ. ಒಣಗಿದ ಹೊಳೆಯ ನಡುವೆ ಒಂದು ಬಂಡೆ, ಬಂಡೆಯ ಮೇಲೆ ಕೊಡೆ ಹಿಡಿದ ಅಜ್ಜಿ. ಮಿಕ್ಕ ಇಬ್ಬರು ದಡದಲ್ಲಿ. ಮಂಜಿನಂಥ ಜಿನುಗಿನಲ್ಲಿ ರಾಕ್ಷಸರ ದಂಡು ಹೊಳೆ ದಾಟಿ ಬರುತ್ತಿದೆ. ನಾಗಮಂಗಲದವನು ಎದ್ದು ನಿಂತ, ತಲೆ ಮೇಲೆತ್ತಿ, ತಗಡು ಅದುರುವ ಹಾಗೆ ಅಜ್ಜಿಯ ಗಂಟಲಲ್ಲಿ ಕೂಗಿದ: “ಮಳೆ ಬುಡೂ!”

ಇಂಥ ಗಳಿಗೆಗೇ ಅಲ್ಲವೇ ಯಜಮಾನ ಇರುವುದು? ಆಕಾಶದ ತೂಬು ಎತ್ತಿಸಿದೆ. ಬೆಟ್ಟದ ಕಡೆಯಿಂದ ಗೋಡೆಯಷ್ಟು ನೀರು ತಂದೆ. ರಾಕ್ಷಸರನ್ನು ತರಗೆಲೆ ಹಾಗೆ ಕೊಚ್ಚಿಸಿದೆ. ಕೈಕಾಲು ಆಡಿಸಿ ವರ್ಣಿಸುವ ಭರದಲ್ಲಿ ಬಂಡೆ, ಬಂಡೆಯ ಮೇಲಿನ ಅಜ್ಜಿ, ಅಜ್ಜಿಯ ಕೊಡೆ, ಮೂರನ್ನೂ ಒಂದೇ ಅಲೆಗೆ ಮುಳುಗಿಸಿಬಿಟ್ಟೆ. ಪಾಂಡವಪುರದವಳು ಹಲಗೆ ಗುದ್ದಿ ಕುಣಿದಳು. ಕೆ.ಆರ್. ಪೇಟೆಯವನು ಶಿಳ್ಳೆ ಹೊಡೆದ.

ನಾಗಮಂಗಲದವನು ಕೂತ. “ಏನ್ ಮಾಡ್ಬುಟ್ಟೆ ನೀನು?”

“ನೀನೇ ಅಂದ್ಯಲ್ಲಪ್ಪಾ, ಬುಡು ಅಂತ.”

“ಬುಡು ಅಂದ್ರೆ ನಿಲ್ಸು ಅಂತ ಕಣ್ಲಾ! ಮಂಜು ಕಳುದ್ರೆ ಇವ್ನು ಬಾಣ ಬುಡ್ಲಿ ಅಂತ. ನಮ್ಮ್ ಕಡೆ ಮಳೆ ಬುಡ್ತು ಅಂದ್ರೆ ನಿಂತೋಯ್ತು ಅಂತ.”

“ಏ, ನೀರ್ ಬುಟ್ರು ಅಂದ್ರೆ ಬಂತು ಅಂತ ತಾನೆ?” ಅಂದಳು ಪಾಂಡವಪುರದವಳು. “ದಿನಾ ನಾಲೆ ತಾವ ಅದೇ ಮಾತು.”

“ನಮ್ಮೂರಲ್ ನಾಲೆ ಎಲ್ಲಮ್ಮಿ ಅದೆ?”

ಬುಡು, ಪುಸ್ತಕದ ಕನ್ನಡದಲ್ಲಿ ಬಿಡು. ಹುಟ್ಟಿದಾಗಿನಿಂದ ಆಡಿದ ಪದ. ಬಸ್ಸು ಬಿಟ್ಟಿತು ಎಂದರೆ ಹೊರಟುಹೋಯಿತು. ಮಲ್ಲಿಗೆ ಹೂ ಬಿಟ್ಟಿತು ಎಂದರೆ ಬಂತು. ಬೀಡಿ ಬಿಟ್ಟ ಎಂದರೆ ನಿಲ್ಲಿಸಿದ. ನಾಯಿ ಬಿಟ್ಟ ಎಂದರೆ ನಾವು ಓಡಬೇಕು. ಒಂದೇ ಪದ ಒಂದು ಕೈಯಲ್ಲಿ ಬಾಗಿಲು ತೆಗೆಯುತ್ತದೆ, ಇನ್ನೊಂದರಲ್ಲಿ ಹಾಕುತ್ತದೆ. ಇಡೀ ಆಕಾಶವನ್ನು ಜನ ಅಂದ ಮಾತಿಗೆ ಕಟ್ಟಿಹಾಕುವ ಮೊದಲು, ಆ ಮಾತಿಗೆ ಅರ್ಥ ಎಷ್ಟು ಎಂದು ನೋಡಬೇಕು ಅಂತ ನನ್ನ ಹದಿನಾಲ್ಕು ಪುಟದಲ್ಲಿ ಎಲ್ಲಿಯೂ ಇರಲಿಲ್ಲ.

“ಸರಿ ಬುಡ್ಲಾ, ಅಜ್ಜಿ ಬದ್ಕವ್ಳೆ, ನಂದೇ ತಪ್ಪು,” ಅಂದೆ.

“ಬ್ಯಾಡ. ವಾಪಸ್ ತಗಳಂಗಿಲ್ಲ ಅಂತ ಬರ್ಸಿರೋನು ನಾನೇ. ನಿನ್ ಧರ್ಮುಕ್ಕೆ ನನ್ನಜ್ಜಿ ಬದುಕ್ಬೇಕಾಗಿಲ್ಲ.” ಗೊಂಬೆ ಅಂಗಿ ಜೇಬಿಗೆ ಹೋಯಿತು. ಹೆಲ್ಮೆಟ್ಟು ಕೈಗೆ ಬಂತು. ಹೊರಗೆ ಧಾರಾಕಾರ ಸುರಿಯುತ್ತಿತ್ತು. “ಮಳೆ ಬುಡ್ಲಿ, ಒಂಟೋಯ್ತೀನಿ,” ಅಂದ. ಬಿಡಲಿ ಎಂದರೆ ಏನು ಎಂದು ಈ ಸಲ ಯಾರಿಗೂ ಅನುಮಾನ ಇರಲಿಲ್ಲ.

ಅಷ್ಟರಲ್ಲಿ ಪಾಂಡವಪುರದವಳ ತಾಯಿ ಗೋಣಿಚೀಲ ತಲೆಗೆ ಹಾಕಿಕೊಂಡು ಕಾಫಿ ತಂದರು. ನಾವೆಲ್ಲ ಅವರನ್ನು ಅವ್ವ ಅನ್ನುತ್ತೇವೆ. ನಾಲ್ಕು ಜನ ನಾಲ್ಕು ದಿಕ್ಕು ನೋಡುತ್ತ ಕೂತದ್ದನ್ನು ಕಂಡು ಕೇಳಿದರು: “ಯಾಕ್ರಲಾ, ಸಾವಿನ್ ಮನೇಲಿ ಕುಂತಂಗ್ ಕುಂತಿದ್ದೀರಾ?”

“ಸಾವೇ ಆಗದೆ ಅವ್ವ,” ಅಂದ ಕೆ.ಆರ್. ಪೇಟೆಯವನು. ನಾನು ನಡೆದದ್ದನ್ನೆಲ್ಲ ಹೇಳಿ, “ಮಳೆ ಬುಡು ಅಂದ್ರೆ ಏನವ್ವ?” ಎಂದು ಕೇಳಿದೆ.

ಅವ್ವ ನಗಲಿಲ್ಲ. ಲೋಟ ಕೆಳಗಿಟ್ಟು ಯೋಚನೆ ಮಾಡಿದರು. “ಅಜ್ಜಿ ಯಾರ್ಗೆ ಯೋಳುದ್ಲು?”

“ಅಂದ್ರೆ?”

“ಅಲ್ಲಾ ಕಣ್ಲಾ, ಮಳೆಗೆ ಯೋಳುದ್ರೆ, ಸಾಕು ಬುಡು, ನಿಂತ್ಕೊ ಅಂತ. ಮಳೆ ಇಟ್ಕಂಡಿರೋನ್ಗೆ ಯೋಳುದ್ರೆ, ಬುಡು, ಕಳ್ಸು ಅಂತ. ಯಾರ್ಗೆ ಅಂತ ಗೊತ್ತಿಲ್ದಿದ್ರೆ ಮಾತ್ಗೆ ಏನರ್ಥ ಬತ್ತದೆ?”

ಎಲ್ಲರೂ ನಾಗಮಂಗಲದವನ ಮುಖ ನೋಡಿದೆವು. ಮಳೆಗೇ ಹೇಳಿದ್ದು ಎಂದರೆ ಮುಗಿಯಿತು, ಅಜ್ಜಿ ಬದುಕಿದಳು, ಯಾರ ಧರ್ಮವೂ ಬೇಡ. ಹೇಳೋ ಎಂದು ಒಳಗೊಳಗೇ ಬೇಡಿಕೊಂಡೆ. ಅವನು ಹೆಲ್ಮೆಟ್ಟಿನ ಬೆಲ್ಟು ಒಂದು ಸುತ್ತು ತಿರುಚಿದ.

“ತಲೆ ಎತ್ತಿ ಕೂಗುದ್ನಲ್ಲ,” ಅಂದ. “ಮೋಡುಕ್ಕೇ ಯೋಳಿದ್ದು. ಮಳೆ ಇಟ್ಕಂಡಿರೋದು ಅದೇ. ಬಾಯಿಂದ ಬಂದಿದ್ದು ಕಳ್ಸು ಅಂತ್ಲೇ ಆಯ್ತದೆ.”

ಪಾಂಡವಪುರದವಳ ಕುಣಿತ ಯಾವಾಗಲೋ ನಿಂತಿತ್ತು. “ಬುಡೋ, ಸುಳ್ಳಾದ್ರೂ ಯೋಳ್ಬಾರ್ದಾ,” ಅಂದಳು ಮೆಲ್ಲಗೆ. ಹಾಲಿನ ಡಿಗ್ರಿ ನೋಡುವವಳ ಬಾಯಲ್ಲಿ ಆ ಮಾತು ನಾನು ಮೊದಲ ಸಲ ಕೇಳಿದ್ದು.

ಅವ್ವ ಮಾತ್ರ ಇನ್ನೂ ನನ್ನನ್ನೇ ನೋಡುತ್ತಿದ್ದರು. “ನೀನ್ ಬುಟ್ಟ್ ನೀರು ಎಲ್ಲಿಂದ ಬಂತು?”

ನಕ್ಷೆ ತೋರಿಸಿದೆ. ನಾನೇ ಬಿಡಿಸಿದ್ದು. ಹೊಳೆ ಹುಟ್ಟುವುದು ಬೆಟ್ಟದಲ್ಲಿ, ಬಂಡೆ ಇರುವುದು ಮೂರು ಕೋಟೆ ಕೆಳಗೆ.

“ಬುಟ್ಟ್ ತಕ್ಷಣಕ್ಕೆ ಬಂದ್ಬುಡ್ತದೇನ್ಲಾ? ನಾಲೆಗೆ ನೀರ್ ಬುಟ್ರು ಅಂತ ಸುದ್ದಿ ಬಂದ್ ಎಷ್ಟೊತ್ಗೆ ನಮ್ಮ್ ಗದ್ದೆಗೆ ಬತ್ತದೆ ಅಂತ ಇವ್ಳುನ್ ಕೇಳು.”

“ಒಂದ್ ದಿನನಾದ್ರೂ ಬೇಕು!” ಮಗಳು ಎದ್ದು ನಿಂತಳು. “ಲೋ ಯಜಮಾನ, ಒಂದ್ ಕೋಟೆ ದಾಟಕ್ಕೆ ಒಂದ್ ಸರ್ತಿ ದಾಳ ಅಂತ ನೀನೇ ಬರ್ದಿದ್ದೀಯ. ಮೂರ್ ಕೋಟೆ, ಮೂರ್ ಸರ್ತಿ. ನೀರ್ ಬರೋಗಂಟ ಅಜ್ಜಿ ನಡೀಬೋದು!”

ಬರೆದವನು ನಾನು, ಓದಿದವಳು ಅವಳು. ಕೊಡೆ ಹಿಡಿದ ಅಜ್ಜಿ ನಿಧಾನ, ಮಂಡಿ ನೋವು ಬೇರೆ. ಅದನ್ನು ನಾಗಮಂಗಲದವನೇ ಪ್ರಾಮಾಣಿಕವಾಗಿ ಅಜ್ಜಿಯ ಹಾಳೆಯಲ್ಲಿ ಬರೆದಿಟ್ಟಿದ್ದ. ದಡ ಮುಟ್ಟಲು ಮೂರರಲ್ಲಿ ಎರಡು ಸಲ ಅಂಕಿಯ ದಾಳ ನಾಲ್ಕೋ ಅದಕ್ಕಿಂತ ಹೆಚ್ಚೋ ಬೀಳಬೇಕು. ಅವನು ಹೆಲ್ಮೆಟ್ಟು ಕೆಳಗಿಟ್ಟು ದಾಳ ಎತ್ತಿಕೊಂಡ. ಮೊದಲನೆಯದು ಹಲಗೆಯಲ್ಲಿ ಉರುಳಿ ಬೆಲ್ಲದ ಅಚ್ಚಿನ ಗುಳಿಗೆ ಬಿತ್ತು. ಗುಳಿಗೆ ಬಿದ್ದ ದಾಳ ವ್ಯರ್ಥ, ಅದೂ ನನ್ನದೇ ರೂಲ್ಸು. ಕೆ.ಆರ್. ಪೇಟೆಯವನು ನನ್ನನ್ನು ನೋಡಿದ ನೋಟದಲ್ಲಿ ಟ್ರಾಕ್ಟರು ಹತ್ತಿಸುವ ಆಸೆ ಕಾಣುತ್ತಿತ್ತು. ಎರಡನೆಯದು ಐದು, ಸಾಕು. ಮೂರನೆಯದಕ್ಕೆ ಮೊದಲು ಅವನು ಕೇಳಿದ: “ಕೊಡೆ ಎಸುದ್ರೆ ಬಿರ್ನೆ ನಡೀಬೋದಾ?”

ಕೊಡೆ ಅಜ್ಜಿಯ ಮೊದಲ ಆಸ್ತಿ. ಅದರ ಒಂದೊಂದು ಕಡ್ಡಿಯನ್ನೂ ಅವನು ಬೇರೆ ಬೇರೆ ಕೆತ್ತಿದ್ದ.

“ಎಸುದ್ರೆ ಒಂದ್ ಜಾಸ್ತಿ,” ಅಂದೆ.

“ಎಸುದ್ಲು.”

ದಾಳ ಮೂರು ಬಿತ್ತು. ಬೇಕಾದದ್ದು ನಾಲ್ಕು. ಕೊಡೆಯದೊಂದು ಸೇರಿ ನಾಲ್ಕು. ನೀರು ಬಂದಾಗ ಹೊಳೆಯ ನಡುವೆ ರಾಕ್ಷಸರು ಮಾತ್ರ, ಅಜ್ಜಿ ದಡದ ಮೇಲೆ. ಕೆ.ಆರ್. ಪೇಟೆಯವನು ಕೂಗಿದ ಕೂಗಿಗೆ ನಾಲೆ ಆಚೆ ಯಾರದೋ ಹಸು ಓಗೊಟ್ಟಿತು.

ಐದು ಸಾಲಿನ ಕೆಳಗೆ ಆರನೆಯದು ಬರೆದೆ: ಮಳೆಯ ಮಂತ್ರ ಹೇಳುವವರು ಯಾರಿಗೆ ಹೇಳುತ್ತಿದ್ದೇವೆ ಎಂದು ಮೊದಲು ಹೇಳತಕ್ಕದ್ದು. ಕೆ.ಆರ್. ಪೇಟೆಯವನು ಅದರಡಿ ಏಳನೆಯದು ಸೇರಿಸಿದ: ಯಜಮಾನನಿಗೆ ಅನುಮಾನ ಬಂದರೆ ಅವ್ವನನ್ನು ಕೇಳತಕ್ಕದ್ದು, ತಾನೇ ತೂಬು ಎತ್ತತಕ್ಕದ್ದಲ್ಲ.

ಅವ್ವ ಬಾಗಿಲಿಗೆ ಹೋಗಿ ಕೈ ಚಾಚಿ ನೋಡಿ, “ಮಳೆ ಬುಡ್ತು, ಊರು ದೂರ ಇರೋರು ಒರಡ್ರಪ್ಪ,” ಅಂದರು.

ನಾಗಮಂಗಲದವನು ಏಳಲಿಲ್ಲ. ಜೇಬಿನಿಂದ ಗೊಂಬೆ ತೆಗೆದು, ಚೀಲದಿಂದ ಸಣ್ಣ ಉಳಿ ತೆಗೆದು, ಕೊಡೆಯ ಕಡ್ಡಿಗಳನ್ನು ಒಂದೊಂದಾಗಿ ಎಬ್ಬತೊಡಗಿದ. ಚಕ್ಕೆ ಬೆಲ್ಲದ ಗುಳಿಗೆ ಬೀಳುತ್ತಿತ್ತು. ತಲೆ ಎತ್ತದೆಯೇ ಕೇಳಿದ, ಅಜ್ಜಿಯ ಗಂಟಲಲ್ಲಿ: “ದಡುದ್ ಮೇಲೆ ನೆಂದ್ಕಂಡ್ ನಿಂತಿವ್ನಿ. ಮುಂದಕ್ ಏನದೆ ಯೋಳ್ಲಾ.”