ಸಾಕ್ಷಿಯಪ್ಪನೂ ಕೆನ್ನೆಯ ಗುಳಿಯೂ

ನಿಘಂಟು ಕಚೇರಿಯಲ್ಲಿ ಅವರ ನಿಜವಾದ ಹೆಸರು ಯಾರಿಗೂ ಬೇಕಿರಲಿಲ್ಲ. ಎಲ್ಲರ ಬಾಯಲ್ಲೂ ಅವರು ಸಾಕ್ಷಿಯಪ್ಪ. ಇಂಗ್ಲಿಷ್ ಪದವೊಂದಕ್ಕೆ ಯಾರಾದರೂ ಹೊಸ ಅರ್ಥ ಬರೆದು ತಂದರೆ ಸಾಕು, ಕನ್ನಡಕ ಹಣೆಗೇರಿಸಿ "ಸಾಕ್ಷಿ ಎಲ್ರೀ?" ಎನ್ನುವರು. ಹಳೆಯ ಪುಸ್ತಕದ ಸಾಲೊಂದನ್ನು ತೋರಿಸದಿದ್ದರೆ ಆ ಚೀಟಿ ಅವರ ಮೇಜು ದಾಟುತ್ತಿರಲಿಲ್ಲ.

ಆ ವಾರ ಅವರ ಕೈಗೆ ಬಂದದ್ದು ಡಿಂಪಲ್. ನಕ್ಕಾಗ ಕೆನ್ನೆಯಲ್ಲಿ ಬೀಳುವ ಗುಳಿ ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಅಷ್ಟಕ್ಕೆ ಬಿಡುವ ಆಸಾಮಿಯೇ ಅವರು! ಬೇರು ಜಾಲಾಡಿದರು. ನೀರು ನಿಂತ ಹೊಂಡಕ್ಕೆ ಜರ್ಮನ್ನರು ಹೇಳುವ ಪದ ಇದರ ದಾಯಾದಿ; ಆಳ ಎಂಬರ್ಥದ ಡೀಪ್ ಕೂಡ ದೂರದ ನೆಂಟನಿರಬೇಕು. ಗಾಲ್ಫ್ ಚೆಂಡಿನ ಮೈಮೇಲಿನ ತಗ್ಗುಗಳಿಗೂ ಇದೇ ಹೆಸರು. ರಾತ್ರಿ ಊಟಕ್ಕೆ ಕೂತಾಗ ಇದನ್ನೆಲ್ಲ ಹೆಂಡತಿಗೆ ಹೇಳಿದರು. ಬಾಯೊಳಗಿನ ಹುಣ್ಣು ವಾಸಿಯಾಗುತ್ತಿಲ್ಲವೆಂದು ಆಕೆ ತಿಂಗಳುಗಟ್ಟಲೆಯಿಂದ ಹೇಳುತ್ತಿದ್ದಳು. "ಬಿಸಿ ತಗುಲಿರ್ಬೇಕು ಬಿಡೇ" ಎಂದಿದ್ದರು.

ಬಿಸಿಯಲ್ಲ, ಗಡ್ಡೆ. ಕೊನೆಗೆ ಇಬ್ಬರೂ ಆಸ್ಪತ್ರೆಯ ಇಕ್ಕಟ್ಟಾದ ಕೋಣೆಯಲ್ಲಿ ಡಾಕ್ಟರಮ್ಮನ ಎದುರು ಕೂತರು. ಆಕೆ ಹೆಂಡತಿಯ ಎಡಗೆನ್ನೆಯ ಮೇಲೆ ಬೆರಳಿಟ್ಟು ಕೇಳಿದರು:

"ಅಮ್ಮಾ, ಈ ಡಿಂಪಲ್ ಮೊದಲಿಂದಾನೂ ಇತ್ತಾ, ಈಚೆಗೆ ಬಿದ್ದಿದ್ದಾ? ಹೊಸದಾದ್ರೆ ಗಡ್ಡೆ ಒಳಗಿಂದ ಚರ್ಮ ಎಳೀತಿದೆ ಅಂತ. ಆಗ ಆಪರೇಷನ್‌ನಲ್ಲಿ ಕೆನ್ನೆ ಚರ್ಮಾನೂ ತೆಗೀಬೇಕು. ಸ್ಕ್ಯಾನ್‌ನಲ್ಲಿ ಸರಿಯಾಗಿ ಗೊತ್ತಾಗ್ತಿಲ್ಲ."

"ನನಗೇನು ಗೊತ್ತಮ್ಮ? ನಾನು ನಗೋದು ನಾನೆಲ್ಲಿ ನೋಡ್ಕೋತೀನಿ? ಇವರನ್ನ ಕೇಳಿ."

ಸಾಕ್ಷಿಯಪ್ಪ ಅಭ್ಯಾಸಬಲದಿಂದ ಕನ್ನಡಕ ಹಣೆಗೇರಿಸಿದರು.

"ಡಾಕ್ಟರೇ, ಡಿಂಪಲ್ ಅನ್ನೋದು ಮೂಲದಲ್ಲಿ..."

"ಪದ ಬಿಡಿ ಸಾರ್. ಇವರ ಕೆನ್ನೇಲಿ ಇತ್ತಾ?"

ಅವರು ನೆನಪನ್ನೆಲ್ಲ ತಡಕಾಡಿದರು. ಮದುವೆಯ ಫೋಟೋದಲ್ಲಿ ಆಕೆ ತಲೆ ತಗ್ಗಿಸಿದ್ದಳು. ಆಮೇಲಿನ ಫೋಟೋಗಳಲ್ಲಿ ಆಕೆ ಇರಲೇ ಇಲ್ಲ, ತೆಗೆದವಳೇ ಅವಳು. ಇತ್ತು ಎಂದುಬಿಟ್ಟರೆ ಕೆನ್ನೆ ಉಳಿಯಬಹುದು. ಸುಳ್ಳಾದರೆ ಜೀವಕ್ಕೇ ಸಂಚಕಾರ. ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು.

"ಗೊತ್ತಿಲ್ಲಮ್ಮ," ಎಂದರು.

"ಹಾಗಿದ್ರೆ ರಿಸ್ಕ್ ಬೇಡ. ಚರ್ಮಾನೂ ತೆಗೆದುಬಿಡೋಣ," ಎಂದರು ಡಾಕ್ಟರಮ್ಮ.

ಹೊರಗೆ ಬೆಂಚಿನ ಮೇಲೆ ಕೂತಾಗ ಅವರು ಹೆಂಡತಿಯ ಕೈ ಹಿಡಿದುಕೊಂಡರು. "ತಪ್ಪಾಯ್ತು ಕಣೇ."

ಆಕೆ ಕೈ ಬಿಡಿಸಿಕೊಳ್ಳಲಿಲ್ಲ. ಬಾಯಿ ಪೂರ್ತಿ ತೆರೆಯಲಾಗದೆ ಮೆಲ್ಲಗೆ ಹೇಳಿದಳು: "ನಾನು ನಗ್ತಾ ಇದ್ದೆ ರೀ. ದಿನಾ ನಿಮ್ಮೆದುರಿಗೇ ಕೂತು ನಗ್ತಾ ಇದ್ದೆ."